ಹೊಳೆಗಿಂತ ಮೊದಲು ಬರಬೇಕಾದ ಸುದ್ದಿ



ಹಳ್ಳಿಯ ಬದುಕಿಗೆ ನೇರವಾಗಿ ಸಂಬಂಧಪಟ್ಟ ವಿಷಯವನ್ನೇ ಮಾತಾಡಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯವೆಂದು ಆಮಂತ್ರಣ ಕೊಟ್ಟವರು ಹೇಳಿದರು. ಅದಕ್ಕಾಗಿ ನೆರೆಯ ಮುನ್ಸೂಚನೆಯನ್ನು ಆರಿಸಿಕೊಂಡಿದ್ದೇನೆ. ಮಹಾಪೂರದ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಯ ಬಹುಪಾಲು ನೀರು ಇಳಿದ ಮೇಲಿನದು. ಬಿದ್ದ ಮನೆಗೆ ಎಷ್ಟು ಪರಿಹಾರ, ಯಾವ ಮನೆ ಯಾವ ವರ್ಗ, ಪಂಚನಾಮೆ ಆಯಿತೋ ಇಲ್ಲವೋ, ಎತ್ತರದ ಜಾಗಕ್ಕೆ ಊರು ಸ್ಥಳಾಂತರ ಆಗುವುದೆಂದು. ಈ ಪ್ರಶ್ನೆಗಳು ದೊಡ್ಡವೇ. ಆದರೆ ಇವತ್ತು ನಾನು ಅವುಗಳಿಗೂ ಹಿಂದಿನ ಹೊತ್ತಿನ ಬಗ್ಗೆ ಮಾತಾಡುತ್ತೇನೆ. ಮೇಲೆಲ್ಲೋ ಮಳೆ ಸುರಿದು, ಆ ನೀರು ಕೆಳಗಿನ ಊರಿನ ಹೊಸ್ತಿಲು ಮುಟ್ಟುವ ತನಕ ಸಿಗುವ ಅವಧಿ ಅದು. ಕೆಲವು ಹೊಳೆಗಳಲ್ಲಿ ಎರಡು ದಿನ ಸಿಗುತ್ತದೆ, ಕೆಲವು ಹಳ್ಳಗಳಲ್ಲಿ ಮೂರು ತಾಸೂ ಸಿಗುವುದಿಲ್ಲ. ಜೀವ ಉಳಿಯುವುದೂ ಹೋಗುವುದೂ ಅಲ್ಲೇ ತೀರ್ಮಾನವಾಗುತ್ತದೆ.

ನಾನು ಹೇಳಬೇಕೆಂದಿರುವುದನ್ನು ಮೊದಲೇ ಹೇಳಿಬಿಡುತ್ತೇನೆ. ಮಳೆಯನ್ನೂ ನೀರನ್ನೂ ಅಳೆಯುವ ವ್ಯವಸ್ಥೆ ನಮ್ಮಲ್ಲಿ ಈಗ ಸಾಕಷ್ಟು ಬೆಳೆದಿದೆ. ಅಳೆದ ಅಂಕಿ ರಾಜಧಾನಿಗೂ ಜಿಲ್ಲಾಧಿಕಾರಿ ಕಚೇರಿಗೂ ನಿಮಿಷಗಳಲ್ಲಿ ಮುಟ್ಟುತ್ತದೆ. ಅದು ಊರಿನ ಭಾಷೆಗೆ, ಊರಿನ ಗುರುತಿಗೆ ಮಾತ್ರ ಇನ್ನೂ ಇಳಿದಿಲ್ಲ. ತಾಲ್ಲೂಕು ಕಚೇರಿಯಿಂದ ಕೆಳಗೇರಿಯ ಮನೆಯ ತನಕದ ಕೊನೆಯ ಕೆಲವು ಮೈಲಿಗಳಲ್ಲಿ ಮುನ್ಸೂಚನೆ ಸೋಲುತ್ತಿದೆ. ಈ ದೂರವನ್ನು ದಾಟಿಸುವುದು ದುಬಾರಿ ಕೆಲಸವಲ್ಲ.

ಕೃಷ್ಣೆಯಿಂದ ಶುರು ಮಾಡೋಣ. ಮಹಾಬಳೇಶ್ವರದಲ್ಲಿ ಹುಟ್ಟುವ ಈ ಹೊಳೆಗೆ ಕರಾಡದಲ್ಲಿ ಕೊಯ್ನಾ ಸೇರುತ್ತದೆ. ಸಾಂಗಲಿಯ ಹತ್ತಿರ ವಾರಣಾ ಕೂಡುತ್ತದೆ, ನರಸೋಬವಾಡಿಯಲ್ಲಿ ಪಂಚಗಂಗಾ. ವೇದಗಂಗೆಯನ್ನು ಜೊತೆಗೆ ಕರೆದುಕೊಂಡು ಬರುವ ದೂಧಗಂಗಾ ನಮ್ಮ ಚಿಕ್ಕೋಡಿ ತಾಲ್ಲೂಕಿನ ಕಲ್ಲೋಳದ ಬಳಿ ಬಂದು ಬೀಳುತ್ತದೆ. ಈ ಐದಾರು ಹೊಳೆಗಳೂ ಸಹ್ಯಾದ್ರಿಯ ಒಂದೇ ಸಾಲಿನಲ್ಲಿ ಹುಟ್ಟಿದವು. ಅಲ್ಲಿ ಮಳೆ ಹಿಡಿದರೆ ಎಲ್ಲವೂ ಒಟ್ಟಿಗೆ ತುಂಬುತ್ತವೆ. 2021ರ ಜುಲೈ 22–23ರಂದು ಮಹಾಬಳೇಶ್ವರದಲ್ಲಿ 24 ತಾಸಿನಲ್ಲಿ ಸುಮಾರು 594 ಮಿಲಿಮೀಟರ್ ಮಳೆಯಾಯಿತು. ವಿಜಯಪುರ ಜಿಲ್ಲೆಯಲ್ಲಿ ವರ್ಷವಿಡೀ ಬೀಳುವುದೂ ಹೆಚ್ಚುಕಡಿಮೆ ಅಷ್ಟೇ ಮಳೆ. ಒಂದು ದಿನಕ್ಕೆ 204.4 ಮಿಲಿಮೀಟರ್ ದಾಟಿದರೆ ಹವಾಮಾನ ಇಲಾಖೆ ಅದನ್ನು ಅತ್ಯಂತ ಭಾರಿ ಮಳೆ ಎನ್ನುತ್ತದೆ. ಅದರ ಮೂರು ಪಟ್ಟಿನ ಹತ್ತಿರ ಅಂದು ಸುರಿದಿತ್ತು.

ಅಲ್ಲಿ ಹಾಗೆ ಸುರಿಯುವಾಗ ಅಥಣಿಯಲ್ಲಿ, ಜಮಖಂಡಿಯಲ್ಲಿ ಬಿಸಿಲು ಇರಬಹುದು. ಇದು ಕೃಷ್ಣಾ ತೀರದ ಮುಖ್ಯ ಲಕ್ಷಣ. ಮಳೆ ಒಬ್ಬರ ಊರಲ್ಲಿ, ಪೂರ ಇನ್ನೊಬ್ಬರ ಊರಲ್ಲಿ. ತಲೆಯ ಮೇಲೆ ನೀಲಿ ಆಕಾಶ ಇರುವಾಗ ಮನೆ ಬಿಡಿ ಎಂದರೆ ಯಾರಿಗೂ ನಂಬಿಕೆ ಬರುವುದಿಲ್ಲ. ಮಲೆನಾಡಿನವರಿಗೆ ಮಳೆಯ ಸದ್ದೇ ಎಚ್ಚರಿಕೆ ಕೊಡುತ್ತದೆ. ಬಯಲುಸೀಮೆಯ ಹೊಳೆಸಾಲಿಗೆ ಆ ಸೂಚನೆಯಿಲ್ಲ. ಹಾಗಾಗಿ ಇಲ್ಲಿ ಸುದ್ದಿಯನ್ನೇ ನೆಚ್ಚಿಕೊಳ್ಳಬೇಕು.

ಇನ್ನು ಆಣೆಕಟ್ಟುಗಳ ಮಾತು. ಕೊಯ್ನಾದ ಸಂಗ್ರಹ ಸಾಮರ್ಥ್ಯ 105 ಟಿಎಂಸಿ, ನಮ್ಮ ಆಲಮಟ್ಟಿಯದು 123 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ವಿದ್ಯಾರ್ಥಿಗಳು ಒಂದು ಲೆಕ್ಕ ಬಾಯಿಪಾಠ ಮಾಡಿಟ್ಟುಕೊಳ್ಳಿ. ಸೆಕೆಂಡಿಗೆ 1 ಲಕ್ಷ ಘನ ಅಡಿಯಂತೆ, ಅಂದರೆ 1 ಲಕ್ಷ ಕ್ಯೂಸೆಕ್ ನೀರು ಒಂದು ದಿನವಿಡೀ ಹರಿದರೆ 8.64 ಟಿಎಂಸಿ ಆಗುತ್ತದೆ. ಆಲಮಟ್ಟಿಯಲ್ಲಿ ಇನ್ನು 20 ಟಿಎಂಸಿಗೆ ಜಾಗ ಇದೆ, ಒಳಹರಿವು 3 ಲಕ್ಷ ಕ್ಯೂಸೆಕ್ ಇದೆ ಎಂದುಕೊಳ್ಳಿ. ಗೇಟು ತೆರೆಯದೆ ಹಿಡಿದಿಟ್ಟರೆ ಆ ಜಾಗ ಹದಿನೆಂಟೂವರೆ ತಾಸಿನಲ್ಲಿ ಮುಗಿಯುತ್ತದೆ. ಆಮೇಲೆ ಬಂದಷ್ಟು ನೀರನ್ನೂ ಬಿಡದೆ ಗತಿಯಿಲ್ಲ. 2019ರ ಆಗಸ್ಟಿನಲ್ಲಿ ಆಲಮಟ್ಟಿಯಿಂದ ಬಿಟ್ಟ ನೀರು 5 ಲಕ್ಷ ಕ್ಯೂಸೆಕ್ ದಾಟಿತ್ತು. ಪತ್ರಿಕೆಯಲ್ಲಿ ಒಳಹರಿವು, ಹೊರಹರಿವು, ಮಟ್ಟ ಎಂದು ಮೂರು ಅಂಕಿಗಳು ಬರುತ್ತವಲ್ಲ, ಈ ಒಂದು ಗುಣಾಕಾರ ಗೊತ್ತಿದ್ದರೆ ಅವುಗಳಿಂದ ನಾಳಿನ ದಿನವನ್ನು ಓದಬಹುದು. ಹೈಸ್ಕೂಲಿನ ಗಣಿತದಲ್ಲಿ ಇದನ್ನು ಯಾಕೆ ಕಲಿಸಬಾರದು ಎಂದು ನನಗೆ ಬಹಳ ಸಲ ಅನ್ನಿಸಿದೆ.

ಕೊಯ್ನಾದಿಂದ ಹೊರಟ ನೀರು ಚಿಕ್ಕೋಡಿ ಸೀಮೆಗೆ ಬರಲು ಒಂದು ದಿನಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ದಾರಿಯಲ್ಲಿ ಅಳತೆಯ ಠಾಣೆಗಳಿವೆ. ಗಡಿಯ ಆಚೆಗೇ ಇರುವ ರಾಜಾಪುರ ಬ್ಯಾರೇಜಿನಿಂದ ಎಷ್ಟು ಹರಿಯಿತು ಎಂಬುದು ಮಳೆಗಾಲದಲ್ಲಿ ನಮ್ಮ ಪತ್ರಿಕೆಗಳ ದಿನನಿತ್ಯದ ಸುದ್ದಿ. 2019ರ ಪೂರದ ಅನುಭವದ ನಂತರ ಎರಡೂ ರಾಜ್ಯಗಳ ಎಂಜಿನಿಯರುಗಳ ನಡುವಿನ ಮಾಹಿತಿ ವಿನಿಮಯವೂ ಬಿಗಿಯಾಗಿದೆ. ಕೇಂದ್ರ ಜಲ ಆಯೋಗ 1958ರಲ್ಲಿ ದೆಹಲಿಯ ಹಳೆಯ ರೈಲು ಸೇತುವೆಯ ಬಳಿ ಯಮುನೆಯ ನೆರೆಯನ್ನು ಮುಂದಾಗಿ ಹೇಳುವ ಕೆಲಸ ಆರಂಭಿಸಿತು. ಅಲ್ಲಿಂದ ಇಲ್ಲಿಯವರೆಗೆ ದೇಶದ ದೊಡ್ಡ ಹೊಳೆಗಳಲ್ಲೆಲ್ಲ ಆ ಜಾಲ ಹರಡಿದೆ.

ಆ ಠಾಣೆಗಳಲ್ಲಿ ನಡೆಯುವ ಕೆಲಸವನ್ನು ಹತ್ತಿರದಿಂದ ನೋಡಿದವರು ಕಡಿಮೆ. ಸೇತುವೆಯ ಕಂಬಕ್ಕೋ ದಂಡೆಯ ಮೆಟ್ಟಿಲಸಾಲಿಗೋ ಬಿಳಿ ಪಟ್ಟಿಗಳನ್ನು ಒಂದರ ಮೇಲೊಂದು ಕೂಡಿಸಿರುತ್ತಾರೆ, ಅವುಗಳ ಮೇಲೆ ಮೀಟರು, ಸೆಂಟಿಮೀಟರಿನ ಗೆರೆಗಳು. ಹೊಳೆ ಏರುತ್ತಿರುವ ರಾತ್ರಿ, ತಾಸು ತಾಸಿಗೆ ಒಬ್ಬ ನೌಕರ ಬ್ಯಾಟರಿ ಹಿಡಿದು ಕೆಸರಿನಲ್ಲಿ ಇಳಿದು, ಅಲೆ ಎದ್ದು ಬೀಳುವ ನಡುವಿನ ಸರಾಸರಿಯನ್ನು ಕಣ್ಣಲ್ಲೇ ಹಿಡಿದು, ವಹಿಯಲ್ಲಿ ಬರೆದು ಮೇಲಕ್ಕೆ ತಿಳಿಸುತ್ತಾನೆ. ಮೇಲಿನ ಪಟ್ಟಿ ಮುಳುಗಿದಂತೆ ಅವನೂ ಒಂದೊಂದೇ ಮೆಟ್ಟಿಲು ಹಿಂದೆ ಸರಿಯುತ್ತಾನೆ. ಈಗ ರಾಡಾರ್ ಸಂವೇದಕಗಳು ಬಂದಿವೆ. ಆದರೂ ಕೊನೆಗೆ ಸಂಶಯ ಬಂದಾಗ ಎಂಜಿನಿಯರು ಕೇಳುವುದು ಆ ಮನುಷ್ಯನ ಕಣ್ಣನ್ನೇ. ಇಷ್ಟು ನಿಷ್ಠೆಯಿಂದ ಹಿಡಿದ ಅಂಕಿ ಹತ್ತು ಕಿಲೋಮೀಟರು ಕೆಳಗಿನ ಊರಿಗೆ ಹೋಗುವಾಗ ಏನಾಗುತ್ತದೆ ನೋಡಿ.

ಸಮುದ್ರಮಟ್ಟದಿಂದ ಇಷ್ಟು ಮೀಟರ್ ಎಂಬ ಅಳತೆ ಆ ಠಾಣೆಗೆ ಸಂಬಂಧಪಟ್ಟದ್ದು. ಎಚ್ಚರಿಕೆ ಮಟ್ಟ, ಅಪಾಯದ ಮಟ್ಟ ಎಂಬ ಗೆರೆಗಳೂ ಆ ಠಾಣೆಯವೇ. ಕೆಳಗಿನ ಊರಿನ ಶಾಲೆಯ ಮೆಟ್ಟಿಲು ಎಷ್ಟು ಮೀಟರಿನಲ್ಲಿದೆ ಎಂದು ಊರಿನವರಿಗೂ ಗೊತ್ತಿಲ್ಲ, ತಹಶೀಲ್ದಾರರಿಗೂ ಗೊತ್ತಿಲ್ಲ. ಹಾಗಾಗಿ ಅಂಕಿ ದಾರಿಯಲ್ಲೇ ಕಳೆದುಹೋಗಿ ಅದರ ಜಾಗದಲ್ಲಿ ಒಂದು ಪ್ರಕಟಣೆ ಹೊರಡುತ್ತದೆ. ಅದರ ಧಾಟಿ ನಿಮಗೆಲ್ಲ ಗೊತ್ತು. ಜಲಾಶಯದ ಒಳಹರಿವು ಹೆಚ್ಚಿರುವುದರಿಂದ ಯಾವುದೇ ಕ್ಷಣದಲ್ಲಿ ನದಿಗೆ ನೀರು ಬಿಡುವ ಸಾಧ್ಯತೆ ಇದ್ದು, ನದಿಪಾತ್ರದ ಜನರು ಜಾನುವಾರುಗಳೊಂದಿಗೆ ಸುರಕ್ಷಿತ ಸ್ಥಳಗಳಿಗೆ ತೆರಳತಕ್ಕದ್ದು.

ಯಾವುದೇ ಕ್ಷಣ ಎಂದರೆ ಈಗಲೋ, ನಾಡಿದ್ದೋ? ನದಿಪಾತ್ರದ ಜನ ಎಂದರೆ ಊರಿಗೆ ಊರೇ ಹೊರಡಬೇಕೋ, ಗುಡಿಯ ಕೆಳಗಿನ ನಲವತ್ತು ಮನೆಯವರೋ? ಸುರಕ್ಷಿತ ಸ್ಥಳ ಯಾವುದು, ಅಲ್ಲಿಗೆ ಹೋಗುವ ದಾರಿಯೇ ಮೊದಲು ಮುಳುಗುವುದಿಲ್ಲವೇ? ಎಮ್ಮೆ ಕಟ್ಟಲು ಅಲ್ಲಿ ಜಾಗ ಉಂಟೇ? ಇಷ್ಟು ಪ್ರಶ್ನೆಗಳನ್ನು ಕೇಳುವವನ ಕೈಯಲ್ಲೇ ಬಿಟ್ಟ ಪ್ರಕಟಣೆಯಿಂದ ಇಲಾಖೆಯ ಕರ್ತವ್ಯ ದಾಖಲಾಗುತ್ತದೆ. ಮನೆಯ ಯಜಮಾನನಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಅದೇ ಸುದ್ದಿಯನ್ನು ಹೀಗೆ ಹೇಳಬಹುದಲ್ಲ: ‘ನಾಳೆ ನಸುಕಿನ 4 ಗಂಟೆಗೆ ನೀರು ಹನುಮಪ್ಪನ ಗುಡಿ ಕಟ್ಟೆಗೆ ಬರುತ್ತದೆ. ಕೆಳಗೇರಿಯ ಎಲ್ಲರೂ ಇಂದು ರಾತ್ರಿ 10ರೊಳಗೆ ಮನೆ ಬಿಡಬೇಕು. ಹಳ್ಳದ ದಾರಿ ಮುಚ್ಚುತ್ತದೆ, ಮಡ್ಡಿ ಕಡೆಯ ದಾರಿ ಹಿಡಿಯಿರಿ. ಹೈಸ್ಕೂಲಿನಲ್ಲಿ ಊಟಕ್ಕೆ, ಮಲಗಲಿಕ್ಕೆ ವ್ಯವಸ್ಥೆಯಾಗಿದೆ. ದನಗಳನ್ನು ಸಂತೆ ಬಯಲಿನ ಶೆಡ್ಡಿಗೆ ಹೊಡೆದುಕೊಂಡು ಹೋಗಿ, ಮೇವು ಅಲ್ಲಿಗೆ ಬಂದಿದೆ.’ ಇದಕ್ಕೆ ಬೇಕಾದ ಮಾಹಿತಿಯೆಲ್ಲ ಎಲ್ಲೋ ಒಂದು ಕಡೆ ಇದ್ದೇ ಇದೆ. ಜೋಡಿಸುವವರು ಇಲ್ಲ.

ಜನ ಮಾತ್ರ ತಮಗೆ ತಿಳಿದಂತೆ ಜೋಡಿಸಿಕೊಂಡಿದ್ದಾರೆ. ಜುಲೈ ಬಂತೆಂದರೆ ಚಿಕ್ಕೋಡಿ, ನಿಪ್ಪಾಣಿ ಕಡೆ ಕೆಳಮಟ್ಟದ ಸೇತುವೆಗಳು ಒಂದೊಂದಾಗಿ ಮುಳುಗುತ್ತವೆ. ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಸಿದ್ನಾಳ–ಅಕ್ಕೋಳ. ಓದುವವರಿಗೆ ಇದು ಸಂಚಾರ ಬಂದ್ ಆದ ಸುದ್ದಿ. ಹೊಳೆಸಾಲಿನ ರೈತನಿಗೆ ಇದೇ ಅಳತೆಗೋಲು. ‘ಯಡೂರ ಬ್ರಿಜ್ ಮ್ಯಾಲ ನೀರ ಬಂತಂತ, ಇನ್ನ ಮೋಟರ್ ತಗೀಬೇಕು’ ಎಂದು ಒಬ್ಬ ಹೇಳುವುದೇ ತಡ, ದಂಡೆಯುದ್ದಕ್ಕೂ ಪಂಪ್‌ಸೆಟ್ ಎತ್ತುವ ಕೆಲಸ ಶುರುವಾಗುತ್ತದೆ. ಸ್ಟಾರ್ಟರ್ ಡಬ್ಬಿ ಬಿಚ್ಚಿ, ಪೈಪಿನ ಬೋಲ್ಟು ತೆಗೆದು, ಮೋಟರಿಗೆ ಹಗ್ಗ ಬಿಗಿದು ಟ್ರ್ಯಾಕ್ಟರಿಗೆ ಕಟ್ಟಿ ದಂಡೆ ಏರಿಸುತ್ತಾರೆ. ಟ್ರ್ಯಾಕ್ಟರು ಇಳಿಯದ ಕಡೆ ನಾಲ್ಕು ಜನ ಬೊಂಬಿನ ಮೇಲೆ ಹೊರುತ್ತಾರೆ. ಇವತ್ತು ನಿನ್ನ ಮೋಟರು, ನಾಳೆ ನನ್ನದು ಎಂದು ಮುಯ್ಯಿಗೆ ಮುಯ್ಯಿ ನಡೆಯುತ್ತದೆ. ಆದೇಶಕ್ಕಾಗಿ ಯಾರೂ ಕಾಯುವುದಿಲ್ಲ.

ಇನ್ನೊಂದು ಜಾಲವೂ ಉಂಟು, ಬೀಗರದು. ಗಡಿಯ ಈಚೆಯವರು ಕುರುಂದವಾಡ, ಶಿರೋಳ, ಮಿರಜ ಕಡೆ ಹೆಣ್ಣು ಕೊಟ್ಟಿದ್ದಾರೆ, ತಂದಿದ್ದಾರೆ. ಅಲ್ಲಿ ನೀರು ಏರಿದರೆ ಮಗಳ ಮನೆಯಿಂದ ಫೋನು ಬರುತ್ತದೆ. ‘ನಮ್ಮ ಅಂಗಳಕ್ಕ ಬಂದೈತಿ, ನಾಳಿಗಿ ನಿಮಗ ಬರತೈತಿ, ಅವ್ವನ್ನ ಮೊದಲ ಮ್ಯಾಲ ಕಳಸ್ರಿ.’ ಎಲ್ಲಿ, ಯಾವಾಗ, ಯಾರು, ಏನು ಮಾಡಬೇಕು ಎಂಬ ನಾಲ್ಕೂ ಅದರಲ್ಲಿವೆ. ಹೇಳುವವರ ಮೇಲೆ ನಂಬಿಕೆಯೂ ಇದೆ. ಸರ್ಕಾರಿ ಮುನ್ಸೂಚನೆ ಬರೆಯುವವರು ಈ ಫೋನನ್ನು ಮಾದರಿಯಾಗಿ ಇಟ್ಟುಕೊಳ್ಳಬೇಕು ಎಂದು ನಾನು ಗಂಭೀರವಾಗಿಯೇ ಹೇಳುತ್ತಿದ್ದೇನೆ.

ಆದರೆ ಜನರ ಈ ಲೆಕ್ಕಕ್ಕೆ ಮಿತಿ ಇದೆ. ಅದು ವರ್ಷ ವರ್ಷ ಬರುವ ಪೂರಕ್ಕೆ ಸರಿಹೊಂದುತ್ತದೆ. ಇಪ್ಪತ್ತು ವರ್ಷಕ್ಕೊಮ್ಮೆ ಬರುವ ಪೂರದಲ್ಲಿ ಅದೇ ನೆನಪು ಜನರನ್ನು ಮನೆಯಲ್ಲೇ ಕೂರಿಸುತ್ತದೆ. 2019ರಲ್ಲಿ ಮಲಪ್ರಭೆಯ ದಂಡೆಯಲ್ಲಿ ಆದದ್ದು ಇದೇ. ನವಿಲುತೀರ್ಥದ ಜಲಾಶಯ ಎಷ್ಟೋ ವರ್ಷ ತುಂಬುವುದೇ ಇಲ್ಲ ಎಂಬುದು ಆ ಭಾಗದವರ ನಿತ್ಯದ ಕೊರಗು. ನೀರಿಲ್ಲದ ಹೊಳೆಯ ಪಾತ್ರ ವರ್ಷದಿಂದ ವರ್ಷಕ್ಕೆ ಕಿರಿದಾಯಿತು, ದಂಡೆಯ ಗೆರೆ ಹೊಲದೊಳಗೆ ಅಳಿಸಿಹೋಯಿತು. ಆ ಆಗಸ್ಟಿನಲ್ಲಿ ಖಾನಾಪುರದ ಕಾಡಿನ ಮಳೆಗೆ ಜಲಾಶಯ ಕೆಲವೇ ದಿನಗಳಲ್ಲಿ ತುಂಬಿ ಗೇಟು ತೆರೆದಾಗ ರಾಮದುರ್ಗ, ನರಗುಂದದ ಕೊಣ್ಣೂರು, ರೋಣದ ಹೊಳೆಆಲೂರು, ಬಾದಾಮಿ ತಾಲ್ಲೂಕಿನ ಊರುಗಳು ನೀರಲ್ಲಿ ನಿಂತವು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ಬಂತು. ಹೊಳೆ ಅಲ್ಲಿಯ ತನಕ ಬಂದೀತೆಂಬ ಕಲ್ಪನೆಯೇ ಎಷ್ಟೋ ಜನರಿಗೆ ಇರಲಿಲ್ಲ. ಅಂಥ ಕಡೆ ಬರೀ ಸಂದೇಶ ಕಳಿಸಿದರೆ ಸಾಲದು. ಹಿಂದೆ ಎಲ್ಲಿಯ ತನಕ ಬಂದಿತ್ತು ಎಂಬ ಗುರುತು ಊರಿನ ಗೋಡೆಯ ಮೇಲೆ ಇರಬೇಕು.

ಇನ್ನು ಹಳ್ಳಗಳು. ಇಲ್ಲಿ ನನಗೆ ಹೆಚ್ಚು ಚಿಂತೆ ಇದೆ. ನಮ್ಮ ಮುನ್ಸೂಚನೆಯ ಪದ್ಧತಿ ಬೆಳೆದದ್ದು ಆಣೆಕಟ್ಟಿನ ಸುತ್ತ. ಗೇಟು ತೆರೆಯುವ ಎಂಜಿನಿಯರು ಇದ್ದಾನೆ, ಅವನು ತಿಳಿಸುತ್ತಾನೆ, ಜಿಲ್ಲಾಡಳಿತ ಸಾರುತ್ತದೆ. ಬೆಣ್ಣಿಹಳ್ಳಕ್ಕೆ ಆಣೆಕಟ್ಟಿಲ್ಲ, ಗೇಟಿಲ್ಲ, ಆದ್ದರಿಂದ ತಿಳಿಸಬೇಕಾದವರೂ ಇಲ್ಲ. ಶಿಗ್ಗಾವಿ ಸೀಮೆಯಲ್ಲಿ ಹುಟ್ಟಿ, ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲ್ಲೂಕುಗಳ ಎರೆಭೂಮಿಯ ನೀರನ್ನೆಲ್ಲ ಬಾಚಿಕೊಂಡು, ತುಪ್ಪರಿಹಳ್ಳವನ್ನೂ ಸೇರಿಸಿಕೊಂಡು ಅದು ಮಲಪ್ರಭೆಗೆ ಹೋಗುತ್ತದೆ. ಬೇಸಿಗೆಯಲ್ಲಿ ದಾಟುವವರ ಪಾದ ನೆನೆಯುವುದಿಲ್ಲ. ಎರೆಮಣ್ಣು ಒಮ್ಮೆ ತೊಯ್ದು ಬಿರುಕು ಮುಚ್ಚಿಕೊಂಡಿತೆಂದರೆ ಆಮೇಲಿನ ಮಳೆಯನ್ನು ಒಳಗೆ ಬಿಡುವುದಿಲ್ಲ, ಬಿದ್ದದ್ದೆಲ್ಲ ಹಳ್ಳಕ್ಕೆ ಇಳಿಯುತ್ತದೆ. ಸಂಜೆ ಮೇಲೆ ಮಳೆಯಾದರೆ ನಡುರಾತ್ರಿ ಕೆಳಗೆ ನೀರು. 2009ರಲ್ಲಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದ ತನಕ ಉತ್ತರ ಕರ್ನಾಟಕದ ಬಯಲಲ್ಲೇ ಮಳೆ ಸುರಿದಾಗ ದೊಡ್ಡ ಹೊಳೆಗಳಷ್ಟೇ ಹಾವಳಿಯನ್ನು ಹಳ್ಳಗಳೂ ಮಾಡಿದವು. ಮಂತ್ರಾಲಯದ ಮಠ ಮುಳುಗಿದ್ದನ್ನು ದೇಶವೆಲ್ಲ ನೋಡಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತ ಆ ಮಳೆಯಲ್ಲಿ ಹೆಸರಿಲ್ಲದ ಹಳ್ಳದ ದಂಡೆಯ ಊರುಗಳು ಯಾರ ಕಣ್ಣಿಗೂ ಬೀಳಲಿಲ್ಲ.

ಹಳ್ಳಕ್ಕೆ ಮುನ್ಸೂಚನೆ ಕೊಡಲಿಕ್ಕೆ ಆಗುವುದಿಲ್ಲವೇ? ಖಂಡಿತ ಆಗುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 1988ರಲ್ಲಿ ಬರದ ಉಸ್ತುವಾರಿಗೆಂದು ಹುಟ್ಟಿದ ಸಂಸ್ಥೆ. ಅದು ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲೆಲ್ಲ ತಾನಾಗಿಯೇ ಅಂಕಿ ಕಳಿಸುವ ಮಳೆಮಾಪಕ ಕೂರಿಸಿದೆ. ಕಾಲು ತಾಸಿಗೊಮ್ಮೆ ಮಳೆಯ ಲೆಕ್ಕ ಬೆಂಗಳೂರಿಗೆ ಹೋಗುತ್ತದೆ. ದೇಶದಲ್ಲೇ ಅಪರೂಪದ ಈ ಜಾಲದ ಬಗ್ಗೆ ನಮಗೆ ಹೆಮ್ಮೆ ಇರಬೇಕು. ಈಗ ಮಾಡಬೇಕಾದದ್ದು ಒಂದೇ ಜೋಡಣೆ. ಕುಂದಗೋಳ ಕಡೆಯ ಇಂತಿಷ್ಟು ಮಾಪಕಗಳಲ್ಲಿ ಮೂರು ತಾಸಿನಲ್ಲಿ ಇಂತಿಷ್ಟು ಮಳೆ ದಾಟಿದರೆ, ನವಲಗುಂದ ತಾಲ್ಲೂಕಿನ ಯಮನೂರು ಮೊದಲಾದ ಹಳ್ಳದಂಡೆಯ ಪಂಚಾಯಿತಿಗಳಿಗೆ ಬೇರೆ ಯಾರ ಅನುಮತಿಗೂ ಕಾಯದೆ ಕರೆ ಹೋಗಬೇಕು. ಮೂರು ತಾಸಿನ ಹಳ್ಳದಲ್ಲಿ ಎರಡು ತಾಸು ಕಡತ ಓಡಾಡಿದರೆ ಉಳಿಯುವುದೇನು? ಎಷ್ಟು ಮಳೆಗೆ ಎಷ್ಟು ನೀರು ಎಂಬುದನ್ನು ಹಿಂದಿನ ಮಳೆಗಳ ದಾಖಲೆಯಿಂದ ಲೆಕ್ಕ ಹಾಕಬಹುದು. ಅದು ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಒಂದು ವರ್ಷದ ಪ್ರಾಜೆಕ್ಟಿನಲ್ಲಿ ಮಾಡಬಲ್ಲ ಕೆಲಸ.

ಫೋನಿನ ಮಾತಿಗೆ ಬರುತ್ತೇನೆ. 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಎಷ್ಟೋ ಜನರ ಮೊಬೈಲುಗಳು ಒಟ್ಟಿಗೆ ಜೋರಾಗಿ ಕೂಗಿಕೊಂಡದ್ದು ನಿಮಗೆ ನೆನಪಿರಬಹುದು. ಅದು ತುರ್ತು ಎಚ್ಚರಿಕೆಯ ಪರೀಕ್ಷೆ. ಮಾಮೂಲಿ ಎಸ್‌ಎಂಎಸ್ ಪಟ್ಟಿಯಲ್ಲಿರುವ ನಂಬರುಗಳಿಗೆ ಹೋಗುತ್ತದೆ. ಈ ಪ್ರಸಾರ ಹಾಗಲ್ಲ, ಆಯ್ದ ಟವರುಗಳ ವ್ಯಾಪ್ತಿಯಲ್ಲಿ ಆ ಹೊತ್ತಿಗೆ ಯಾರಿದ್ದರೂ ಅವರ ಫೋನು ಕೂಗುತ್ತದೆ. ಈ ವ್ಯತ್ಯಾಸ ಯಾರಿಗೆ ಮುಖ್ಯ ಗೊತ್ತೇ? ಕುರಿಗಾರರಿಗೆ. ಯಾವ ಊರಿನ ಪಟ್ಟಿಯಲ್ಲೂ ಹೆಸರಿಲ್ಲದೆ, ಇವತ್ತು ಈ ಹೊಲ, ನಾಳೆ ಆ ಗಡ್ಡೆ ಎಂದು ಕುರಿಹಿಂಡಿನೊಂದಿಗೆ ತಿರುಗುವವರು ಅವರು. ಹೊಳೆಯ ನಡುಗಡ್ಡೆಯಲ್ಲಿ ಹಸಿರು ಮೇವು ಇರುವುದರಿಂದ ಅಲ್ಲೇ ತಂಗುತ್ತಾರೆ. ನಡುಗಡ್ಡೆಯಲ್ಲಿ ಕುರಿಗಾರರು ಸಿಕ್ಕಿಬಿದ್ದರು, ಬೋಟಿನಲ್ಲಿ ಕರೆತಂದರು ಎಂಬ ಸುದ್ದಿ ಮಳೆಗಾಲದಲ್ಲಿ ಮತ್ತೆ ಮತ್ತೆ ಬರುತ್ತದೆ. ಊರಿನ ಡಂಗುರ ಅವರಿಗೆ ಕೇಳಿಸುವುದಿಲ್ಲ, ಪಂಚಾಯಿತಿಯ ವಾಟ್ಸ್ಯಾಪ್ ಗುಂಪಿನಲ್ಲಿ ಅವರಿಲ್ಲ. ಟವರಿನ ಪ್ರಸಾರ ಮಾತ್ರ ಅವರನ್ನು ಮುಟ್ಟಬಲ್ಲದು.

ಆದರೆ ಫೋನೊಂದನ್ನೇ ನಂಬಿದರೆ ಕೆಟ್ಟೆವು. ಪೂರ ಬರುವ ಮೊದಲು ವಿದ್ಯುತ್ ಹೋಗುತ್ತದೆ, ನೀರು ಏರಿದ ಕಡೆ ಲೈನು ಬಂದ್ ಮಾಡದೆ ಗತಿಯೂ ಇಲ್ಲ. ಒಂದು ರಾತ್ರಿ ಕಳೆಯುವಷ್ಟರಲ್ಲಿ ಫೋನಿನ ಚಾರ್ಜು ಮುಗಿಯುತ್ತದೆ, ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಅಂದರೆ ಸುದ್ದಿ ಬಹಳ ಬೇಕಾದ ಹೊತ್ತಿಗೇ ಅದು ಬರುವ ದಾರಿ ಮುಚ್ಚುತ್ತದೆ. ಅಮೆರಿಕದಂಥ ದೇಶದಲ್ಲೂ ಇದರ ಪಾಠ ಸಿಕ್ಕಿದೆ. 2025ರ ಜುಲೈ 4ರ ನಸುಕಿನಲ್ಲಿ ಟೆಕ್ಸಾಸಿನ ಗ್ವಾಡಲೂಪೆ ಹೊಳೆ ಒಂದು ತಾಸಿನೊಳಗೆ ಇಪ್ಪತ್ತು ಅಡಿಗೂ ಹೆಚ್ಚು ಏರಿತು. ಟೆಕ್ಸಾಸಿನ ಆ ನೆರೆಯಲ್ಲಿ 130ಕ್ಕೂ ಹೆಚ್ಚು ಜನ ತೀರಿಕೊಂಡರು, ಅವರಲ್ಲಿ ಬೇಸಿಗೆ ಶಿಬಿರಕ್ಕೆ ಬಂದಿದ್ದ ಪುಟ್ಟ ಹೆಣ್ಣುಮಕ್ಕಳೂ ಇದ್ದರು. ಅಲ್ಲಿನ ಹವಾಮಾನ ಇಲಾಖೆಯ ಎಚ್ಚರಿಕೆ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೇ ಹೊರಟಿತ್ತು. ಅತಿ ಹೆಚ್ಚು ಸಾವಾದ ಕೆರ್ ಕೌಂಟಿಯಲ್ಲಿ ಸೈರನ್ ಹಾಕುವ ಚರ್ಚೆ ವರ್ಷಗಟ್ಟಲೆ ನಡೆದು ಖರ್ಚಿನ ಮಾತಿಗೆ ನಿಂತಿತ್ತು. ಅದೇ ಹೊಳೆಯ ಕೆಳಗಿನ ದಂಡೆಯಲ್ಲಿ ಕಂಫರ್ಟ್ ಎಂಬ ಸಣ್ಣ ಊರಿದೆ. ಅಲ್ಲಿನ ಸ್ವಯಂಸೇವಕ ಅಗ್ನಿಶಾಮಕ ದಳ ಊರಿನ ಸೈರನ್ನನ್ನು ಮೊದಲೇ ಸರಿಪಡಿಸಿಕೊಂಡು, ಅದು ಉದ್ದಕ್ಕೆ ಕೂಗಿದರೆ ಏನರ್ಥ ಎಂದು ಜನರಿಗೆ ಹೇಳಿಕೊಟ್ಟಿತ್ತು. ಆ ಬೆಳಿಗ್ಗೆ ಸೈರನ್ ಕೂಗಿತು, ಜನ ಎದ್ದು ಹೊರಟರು, ಊರಲ್ಲಿ ಒಂದು ಸಾವೂ ಆಗಲಿಲ್ಲ.

ನಮ್ಮ ಊರುಗಳಲ್ಲಿ ಸೈರನ್ನಿಗೂ ಕಾಯಬೇಕಾಗಿಲ್ಲ. ಗುಡಿಯ ಮೈಕು ಇದೆ, ಮಸೀದಿಯ ಮೈಕು ಇದೆ. ಅವೆರಡಕ್ಕೂ ಒಂದೊಂದು ಬ್ಯಾಟರಿ ಇಟ್ಟು, ಪೂರದ ಸುದ್ದಿಗೆ ಯಾರು ಕೀಲಿ ತೆಗೆಯಬೇಕೆಂದು ಮೊದಲೇ ಗೊತ್ತು ಮಾಡಿದರೆ ಸಾಕು. ಪಂಚಾಯಿತಿಯ ಕಸದ ಗಾಡಿ, ಸ್ವಚ್ಛವಾಹಿನಿ, ದಿನವೂ ಹಾಡು ಹಾಕಿಕೊಂಡು ಓಣಿ ಓಣಿ ತಿರುಗುತ್ತದೆ. ಎಷ್ಟೋ ಕಡೆ ಅದನ್ನು ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಓಡಿಸುತ್ತಾರೆ. ಯಾವ ಮನೆಯಲ್ಲಿ ಮುದುಕಿ ಒಬ್ಬಳೇ ಇದ್ದಾಳೆ, ಎಲ್ಲಿ ಬಾಣಂತಿ ಇದ್ದಾಳೆ, ಯಾರಿಗೆ ಕಿವಿ ಕೇಳುವುದಿಲ್ಲ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಆಶಾ ಕಾರ್ಯಕರ್ತೆಯರು ಮಾತ್ರ. ಸುದ್ದಿ ಸಾರುವ ಕೆಲಸಕ್ಕೆ ಇವರಿಗೆ ತರಬೇತಿ ಕೊಟ್ಟು, ಆ ದಿನಗಳಿಗೆ ಪ್ರತ್ಯೇಕ ಭತ್ಯೆ ಕೊಡಬೇಕು. ಬಿಟ್ಟಿ ದುಡಿಮೆಯಾಗಿ ಅವರ ಹೆಗಲಿಗೆ ಹೊರಿಸಬಾರದು.

ಡಂಗುರವನ್ನು ಹಳೆಯ ಕಾಲದ ಚೆಂದವೆಂದು ನೆನೆಯುವವರಿದ್ದಾರೆ. ಆದರೆ ಹಲಗೆ ಹೊಡೆದು ಸಾರುವ ಕೆಲಸವನ್ನು ಒಂದು ಸಮುದಾಯದ ಮೇಲೆ ಹುಟ್ಟಿನಿಂದಲೇ ಹೇರಲಾಗಿತ್ತು. ಊರಿಗೆಲ್ಲ ಸುದ್ದಿ ಸಾರಿದ ಆ ಜನರ ಕೇರಿ ಎಷ್ಟೋ ಊರುಗಳಲ್ಲಿ ಊರ ಹೊರಗಿನ ತಗ್ಗಿನಲ್ಲೇ ಇತ್ತು, ಈಗಲೂ ಇದೆ. ನೀರು ಮೊದಲು ಹೋಗುವುದು ಅಲ್ಲಿಗೆ. ಸಾರುವ ಗಾಡಿ ಊರ ಬಾಗಿಲಿನಿಂದ, ಗೌಡರ ಓಣಿಯಿಂದ ಶುರುವಾಗಿ ಕೊನೆಗೆ ಕೇರಿಗೆ ಬರುವ ಪದ್ಧತಿ ತಿರುಗಬೇಕು. ತಗ್ಗಿನ ಮನೆಗೆ ಮೊದಲ ಸುದ್ದಿ, ಮೊದಲ ಟ್ರ್ಯಾಕ್ಟರು.

ಹೇಳಿದರೂ ಜನ ಮನೆ ಬಿಡುವುದಿಲ್ಲ ಎಂಬ ದೂರು ಅಧಿಕಾರಿಗಳದು. ನಿಜ, ಬಿಡುವುದಿಲ್ಲ. ಯಾಕೆಂದು ಕೇಳಿದರೆ ಉತ್ತರ ಸಿಗುತ್ತದೆ. ಕೊಟ್ಟಿಗೆಯಲ್ಲಿ ಎರಡು ಎಮ್ಮೆ ಇರುವ ಹೆಂಗಸಿಗೆ ಕಾಳಜಿ ಕೇಂದ್ರದಲ್ಲಿ ತನಗೆ ಊಟ ಉಂಟೆಂಬುದು ಅರ್ಧ ಸುದ್ದಿ ಮಾತ್ರ. ಎಮ್ಮೆಯ ವ್ಯವಸ್ಥೆ ಆಗದೆ ಅವಳು ಕದಲುವುದಿಲ್ಲ. ಬೀಗ ಹಾಕಿದ ಮನೆಗೆ ಕಳ್ಳರ ಭಯ. ಸರ್ವೆಗೆ ಬಂದಾಗ ಮನೆಯಲ್ಲಿ ಇರದಿದ್ದರೆ ಪರಿಹಾರದ ಪಟ್ಟಿಯಿಂದ ಹೆಸರು ಹಾರೀತೆಂಬ ಭಯ. ಹೋದ ವರ್ಷ ಹೊರಟು ಹೋಗಿ ಮೂರು ದಿನ ಶಾಲೆಯಲ್ಲಿ ಮಲಗಿದ್ದಾಯಿತು, ನೀರು ಬರಲೇ ಇಲ್ಲ ಎಂಬ ಬೇಸರ. ಈ ಕೊನೆಯದಕ್ಕೆ ಪರಿಹಾರ ಬಹಳ ಸುಲಭದ್ದು, ಆದರೂ ಯಾರೂ ಮಾಡುವುದಿಲ್ಲ. ಪೂರ ಬರದಿದ್ದಾಗ ಯಾಕೆ ಬರಲಿಲ್ಲ ಎಂದು ಊರಿಗೆ ಹೇಳಬೇಕು. ಮೇಲೆ ಮಳೆ ನಿಂತಿತು, ಕೊಯ್ನಾದಲ್ಲಿ ಹಿಡಿದಿಟ್ಟರು, ಅದಕ್ಕೆ ಉಳಿದೆವು ಎಂದು ಪಿಡಿಒ ಅದೇ ಮೈಕಿನಲ್ಲಿ ತಿಳಿಸಿದರೆ ಮುಂದಿನ ಸಲದ ಮಾತಿಗೆ ಬೆಲೆ ಬರುತ್ತದೆ. ನಂಬಿಕೆ ಕಟ್ಟುವ ಕೆಲಸ ಪೂರ ಇಲ್ಲದ ದಿನಗಳಲ್ಲೇ ಆಗಬೇಕು.

ಕಾನೂನಿನ ಬಲವೂ ಬಂದಿದೆ. 2021ರ ಆಣೆಕಟ್ಟು ಸುರಕ್ಷತಾ ಕಾಯ್ದೆಯ ಪ್ರಕಾರ ದೊಡ್ಡ ಆಣೆಕಟ್ಟುಗಳ ಒಡೆತನ ಇರುವವರು ಐದು ವರ್ಷದೊಳಗೆ ತುರ್ತು ಕ್ರಿಯಾಯೋಜನೆ ಸಿದ್ಧಪಡಿಸಬೇಕು. ನೀರು ಎಲ್ಲೆಲ್ಲಿ ನುಗ್ಗುತ್ತದೆ, ಯಾರಿಗೆ ಹೇಗೆ ತಿಳಿಸಬೇಕು ಎಂಬುದೂ ಅದರ ಭಾಗ. ಆ ನಕ್ಷೆಗಳು ಕಚೇರಿಯ ಕಪಾಟಿನಲ್ಲಿ ಉಳಿಯದೆ ಗ್ರಾಮ ಪಂಚಾಯಿತಿಯ ಗೋಡೆಗೆ ಕನ್ನಡದಲ್ಲಿ ಬರಬೇಕೆಂದು ಕೇಳುವ ಹಕ್ಕು ಕೆಳಗಿನ ದಂಡೆಯ ಪ್ರತಿ ಊರಿಗೂ ಇದೆ ಎಂದು ನಾನು ತಿಳಿಯುತ್ತೇನೆ. ಗ್ರಾಮಸಭೆಯಲ್ಲಿ ಕೇಳಿ, ಠರಾವು ಮಾಡಿಸಿ.

ವಿದ್ಯಾರ್ಥಿಗಳೇ, ಇನ್ನು ನಿಮ್ಮ ಪಾಲಿನ ಕೆಲಸ. ನಿಮ್ಮಲ್ಲಿ ಬಹಳ ಜನ ಚಿಕ್ಕೋಡಿ, ಅಥಣಿ, ರಾಯಬಾಗ, ಜಮಖಂಡಿ, ಮುಧೋಳದ ಹೊಳೆಸಾಲಿನವರು. ಈ ಬೇಸಿಗೆ ರಜೆಯಲ್ಲಿ ನಿಮ್ಮ ನಿಮ್ಮ ಊರಿನಲ್ಲಿ ಹಿರಿಯರನ್ನು ಕರೆದುಕೊಂಡು ಒಂದು ಸುತ್ತು ಹೋಗಿ. 2005ರಲ್ಲಿ ನೀರು ಎಲ್ಲಿಯ ತನಕ ಬಂದಿತ್ತು, 2009ರಲ್ಲಿ, 2019ರಲ್ಲಿ, 2021ರಲ್ಲಿ ಎಲ್ಲಿಗೆ ಎಂದು ಕೇಳಿ. ಗೋಡೆಯ ಕಲೆ, ಬಾಗಿಲ ಚೌಕಟ್ಟಿನ ಗೆರೆ, ಕೆಲವರ ಫೋನಿನಲ್ಲಿ ಉಳಿದ ಫೋಟೊ, ಎಲ್ಲವನ್ನೂ ತಾಳೆ ನೋಡಿ. ಇಬ್ಬರು ಮೂವರ ಮಾತು ಕೂಡಿದ ಕಡೆ ಶಾಲೆ, ಗುಡಿ, ಮಸೀದಿ, ಪಂಚಾಯಿತಿ ಕಟ್ಟಡದ ಮೇಲೆ ಇಸವಿ ಬರೆದು ನೀಲಿ ಗೆರೆ ಎಳೆಯಿರಿ. ಆ ಇಸವಿಯಲ್ಲಿ ಎಷ್ಟು ಲಕ್ಷ ಕ್ಯೂಸೆಕ್ ಹರಿದಿತ್ತು ಎಂಬ ಲೆಕ್ಕವನ್ನು ನೀರಾವರಿ ಕಚೇರಿಯಿಂದ ಪಡೆದು ಗೆರೆಯ ಪಕ್ಕ ಬರೆಯಿರಿ. ಮುಂದೆ ರೇಡಿಯೊದಲ್ಲಿ ಇಷ್ಟು ಲಕ್ಷ ಎಂದು ಕೇಳಿದ ಕೂಡಲೇ ಯಾವ ಗೆರೆಯ ತನಕ ಎಂದು ನಾಲ್ಕನೇ ತರಗತಿಯ ಮಗುವೂ ಹೇಳುತ್ತದೆ. ಯಾವ ದಾರಿ ಮೊದಲು ಮುಳುಗುತ್ತದೆ, ಎಷ್ಟು ದನಕರು ಇವೆ, ನಡೆಯಲಾರದವರು ಯಾವ ಮನೆಯಲ್ಲಿದ್ದಾರೆ ಎಂಬ ಒಂದು ಹಾಳೆಯ ಪಟ್ಟಿಯನ್ನು ಪಂಚಾಯಿತಿಗೊಂದು, ತಹಶೀಲ್ದಾರರಿಗೊಂದು, ಹೊಳೆಯ ಮೇಲಿನ ಪಕ್ಕದ ಊರಿಗೊಂದು ಕೊಡಿ. ಹೊಳೆ ಮೊದಲು ಆ ಊರನ್ನು ಮುಟ್ಟುತ್ತದೆ, ಅಲ್ಲಿಂದಲೇ ನಿಮಗೆ ಫೋನು ಬರಬೇಕಾದದ್ದು.

ಈ ಉಪನ್ಯಾಸಕ್ಕೆ ದತ್ತಿಯಿಂದ ಸಲ್ಲುವ ಗೌರವಧನವನ್ನು ಆ ನೀಲಿ ಬಣ್ಣಕ್ಕೆ, ಅಳತೆ ಪಟ್ಟಿಗೆ ವಿನಿಯೋಗಿಸಬೇಕೆಂದು ಪ್ರಾಂಶುಪಾಲರಲ್ಲಿ ಕೋರಿದ್ದೇನೆ, ಅವರು ಒಪ್ಪಿದ್ದಾರೆ. ಯಾವ ಊರಿನಿಂದ ಆರಂಭಿಸಬೇಕೆಂದು ಎನ್‌ಎಸ್‌ಎಸ್ ಘಟಕದವರು ಇವತ್ತೇ ಕೂತು ಪಟ್ಟಿ ಮಾಡಿದರೆ ಮೇ ತಿಂಗಳ ಕೊನೆಯೊಳಗೆ ಕೆಲಸ ಮುಗಿಯುತ್ತದೆ.